ಗಾಡಿ ಏರು ಹತ್ತವಲ್ದು: ಬೈಕಿನ ಎಳೆತ ಎಲ್ಲಿ ಸೋರಿತು ಎಂದು ಮನೆಯಲ್ಲೇ ಹುಡುಕುವ ಬಗೆ

ಪ್ಲಗ್ ಹೊಸದು ಹಾಕಿಸಿದ್ದಾಯಿತು, ಕಾರ್ಬರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ತೊಳೆಸಿದ್ದಾಯಿತು, ಎಣ್ಣೆ ಬದಲಿಸಿದ್ದಾಯಿತು. ಆದರೂ ಹುಬ್ಬಳ್ಳಿಯ ಉಣಕಲ್‌ ಕಡೆಯಿಂದ ನೃಪತುಂಗ ಬೆಟ್ಟದ ಏರಿಗೆ ಬಂದ ಕೂಡಲೇ ಗಾಡಿ ಮೂರನೇ ಗೇರಿನಲ್ಲಿ ಮುಗ್ಗರಿಸುತ್ತದೆ. ರೇಸ್ ಕೊಟ್ಟಷ್ಟೂ ಸದ್ದು ಹೆಚ್ಚುತ್ತದೆ, ಓಟ ಹೆಚ್ಚುವುದಿಲ್ಲ. ಹಿಂದೆ ಒಬ್ಬರು ಕೂತರಂತೂ ಎರಡನೇ ಗೇರಿಗೆ ಇಳಿಯಲೇಬೇಕು. ಗ್ಯಾರೇಜಿನಿಂದ ಬಂದ ದಿನ ಸರಿ ಇದ್ದದ್ದು ನಾಲ್ಕನೇ ದಿನಕ್ಕೆ ಮತ್ತೆ ಅದೇ ಹಾಡು.

ಇಂಥ ಕಾಯಿಲೆ ವಾಸಿಯಾಗದೆ ಉಳಿಯುವುದು ಅದು ದೊಡ್ಡದು ಅಂತಲ್ಲ. ಒಂದೇ ದಿನ ಮೂರು ಸಾಮಾನು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಮಿಸ್ತ್ರಿಗೂ ತಿಳಿಯುವುದಿಲ್ಲ, ಗಾಡಿಯವರಿಗೂ ತಿಳಿಯುವುದಿಲ್ಲ. ಅದಕ್ಕೇ ಮನೆಯಲ್ಲಿ ಕೂತು ಒಂದೊಂದಾಗಿ ನೋಡಿದವರಿಗೆ ಇದು ಗ್ಯಾರೇಜಿಗಿಂತ ಬೇಗ ಸಿಗುವುದುಂಟು. ಅವಸರವಿಲ್ಲದಿರುವುದೇ ಮನೆಯವರ ದೊಡ್ಡ ಹತ್ಯಾರು.

ಇಲ್ಲಿ ಹೇಳುವುದು ಮುಖ್ಯವಾಗಿ 100ರಿಂದ 125 ಸಿ.ಸಿ.ಯ, ಗಾಳಿಯಿಂದ ತಣಿಯುವ, ಒಂದೇ ಸಿಲಿಂಡರಿನ ಕಾರ್ಬರೇಟರ್ ಬೈಕುಗಳಿಗೆ. 2020ರ ಏಪ್ರಿಲ್ 1ರಂದು ಬಿ.ಎಸ್. 6 ಎಂಬ ಹೊಗೆ ನಿಯಮ ಬಂದ ಮೇಲೆ ಮಾರಾಟವಾದ ಬಹುಪಾಲು ಗಾಡಿಗಳಲ್ಲಿ ಕಾರ್ಬರೇಟರ್ ಇಲ್ಲ, ಪೆಟ್ರೋಲನ್ನು ಪಂಪಿನ ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಇದೆ. ಅವುಗಳ ಮಾತು ಕೊನೆಯ ಕಡೆಗೆ ಬರುತ್ತದೆ.

ಪಾನಾ ಹಿಡಿಯುವ ಮೊದಲು

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಮೂರು ದಿನ ಏನನ್ನೂ ಬಿಚ್ಚಬೇಡಿ, ಬರೀ ಬರೆಯಿರಿ: ಎಷ್ಟು ಕಿಲೋಮೀಟರ್ ಓಡಿದ ಮೇಲೆ ಎಳೆತ ಬಿಟ್ಟಿತು, ಎಷ್ಟನೇ ಗೇರು, ಟಾಕಿಯಲ್ಲಿ ಪೆಟ್ರೋಲ್ ಎಷ್ಟಿತ್ತು, ಹಿಂದಿನ ರಾತ್ರಿ ಮಳೆಯಾಗಿತ್ತೇ, ನಿಲ್ಲಿಸಿ ಹದಿನೈದು ನಿಮಿಷ ಬಿಟ್ಟರೆ ಸುಧಾರಿಸಿತೇ. ಕಾಯಿಲೆ ಯಾವ ಹೊತ್ತಿಗೆ ಬರುತ್ತದೆ ಅನ್ನುವುದರಲ್ಲೇ ಅದು ಎಲ್ಲಿದೆ ಅನ್ನುವುದು ಅರ್ಧ ಇರುತ್ತದೆ.

ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಸತಾಯಿಸಿ ಆಮೇಲೆ ಸರಿಹೋದರೆ ಚೋಕ್ ಅಥವಾ ಪೈಲಟ್ ಜೆಟ್ (ರೇಸ್ ಕೊಡದಿದ್ದಾಗ ಪೆಟ್ರೋಲ್ ಬಿಡುವ, ಕಾರ್ಬರೇಟರಿನ ಸಣ್ಣ ತೂತು) ಕಡೆ ನೋಡಬೇಕು. ಎಂಟು-ಹತ್ತು ಕಿಲೋಮೀಟರ್ ಚೆನ್ನಾಗಿ ಓಡಿ, ಅಂದರೆ ಹುಬ್ಬಳ್ಳಿಯಿಂದ ಹೊರಟು ನವನಗರ ದಾಟಿದ ಮೇಲೆ, ಸೊರಗಿದರೆ ಮೂರು ಅನುಮಾನ: ಟಾಕಿ ಮುಚ್ಚಳದ ಗಾಳಿ ತೂತು, ಕಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಸುರುಳಿ), ಬಿಗಿಯಾದ ಟ್ಯಾಪೆಟ್ (ವಾಲ್ವ್ ಮೇಲಿನ ಸಡಿಲು ಹೊಂದಿಸುವ ಸ್ಕ್ರೂ). ಪೂರ್ತಿ ರೇಸಿನಲ್ಲಿ ಅಥವಾ ಏರಿನಲ್ಲಿ ಮಾತ್ರ ಎಳೆಯದಿದ್ದರೆ ಪೆಟ್ರೋಲ್ ಸಾಕಷ್ಟು ಇಳಿಯುತ್ತಿಲ್ಲ, ಇಲ್ಲವೇ ಮೇನ್ ಜೆಟ್ (ರೇಸಿನಲ್ಲಿ ಪೆಟ್ರೋಲ್ ಬಿಡುವ ದೊಡ್ಡ ತೂತು), ಏರ್ ಫಿಲ್ಟರ್, ಸೈಲೆನ್ಸರ್ ಕಟ್ಟಿದೆ. ಸ್ಲೋ (ರೇಸ್ ಕೊಡದೆ ನಿಂತಲ್ಲೇ ಎಂಜಿನ್ ಓಡುವುದು) ನಿಲ್ಲದೆ ಬಂದ್ ಆಗುತ್ತದೆ, ಓಡುವಾಗ ಮಾತ್ರ ಚಂದ ಎಂದರೆ ಪೈಲಟ್ ಜೆಟ್ ಅಥವಾ ಎಲ್ಲೋ ಸಂದಿಯಿಂದ ನುಸುಳುವ ಕಳ್ಳ ಗಾಳಿ. ಮಳೆಯ ಮಾರನೇ ದಿನ, ಇಲ್ಲವೇ ಗಾಡಿ ತೊಳೆದ ದಿನ ಮಾತ್ರ ಮಿಸ್ಸಿಂಗ್ ಹೊಡೆದರೆ (ಎಂಜಿನ್ ನಡುನಡುವೆ ತಡವರಿಸಿದರೆ) ಪ್ಲಗ್ ಕ್ಯಾಪ್, ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ಹೈಟೆನ್ಷನ್ ವೈರ್, ಅಥವಾ ಪೆಟ್ರೋಲಿನಲ್ಲಿ ನೀರು.

ಎಂಜಿನ್ನೇ ಕಳ್ಳನೋ, ಬೇರೆಯವರೋ

ಗಾಡಿಯನ್ನು ಸಮನೆಲದಲ್ಲಿ ನ್ಯೂಟ್ರಲ್‌ಗೆ ಹಾಕಿ ಒಂದೇ ಕೈಯಲ್ಲಿ ದೂಡಿ. ಹಗುರವಾಗಿ ಉರುಳಬೇಕು. ಆಮೇಲೆ ಬ್ರೇಕ್ ಹೆಚ್ಚು ಬಳಸದೆ ಐದು ಕಿಲೋಮೀಟರ್ ಓಡಿಸಿ ಬಂದು ಎರಡೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ತನ್ನಿ. ಒಂದು ತಣ್ಣಗಿದ್ದು ಇನ್ನೊಂದು ಬಿಸಿ ಕಾರುತ್ತಿದ್ದರೆ ಆ ಬ್ರೇಕು ಹಿಡಿದುಕೊಂಡೇ ಓಡುತ್ತಿದೆ. ಮಳೆಗಾಲದಲ್ಲಿ ಗದಗ, ನರಗುಂದ ಕಡೆಯ ಎರೆಹೊಲದ ದಾರಿಯಲ್ಲಿ ಓಡಾಡುವ ಗಾಡಿಗಳಿಗೆ ಇನ್ನೊಂದು ಕಾಟ: ಎರೆಮಣ್ಣು ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ತುಂಬಿ, ಬಿಸಿಲಿಗೆ ಒಣಗಿ ಇಟ್ಟಿಗೆಯಾಗುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಮಡ್‌ಗಾರ್ಡ್ ಒಳಗೆ ಬೆರಳು ಹಾಕಿ ನೋಡಿ.

ಚೈನಿನ ಸಡಿಲು ನಡುಮಧ್ಯದಲ್ಲಿ ಮೇಲೆ ಕೆಳಗೆ ಸೇರಿ 20ರಿಂದ 30 ಮಿ.ಮೀ. ಇರಲಿ. ಟೈರಿನ ಗಾಳಿ ಮ್ಯಾನ್ಯುಯಲ್‌ನಲ್ಲಿ ಇರುವಷ್ಟು. ಇವು ಒಂದು ನಿಮಿಷದ ಕೆಲಸ.

ಕ್ಲಚ್ಚಿಗೆ ಸ್ವಲ್ಪ ಹೊತ್ತು ಕೊಡಿ, ಯಾಕೆಂದರೆ "ಪಿಕಪ್ ಇಲ್ಲ" ಎಂದು ಬರುವ ಗಾಡಿಗಳಲ್ಲಿ ಎಂಜಿನ್ ನಿರ್ದೋಷಿಯಾಗಿರುವುದು ಹೆಚ್ಚಾಗಿ ಇಲ್ಲಿಯೇ. ಖಾಲಿ ರಸ್ತೆಯಲ್ಲಿ 35-40ರ ಓಟಕ್ಕೆ ಟಾಪ್ ಗೇರಿನಲ್ಲಿ ಒಮ್ಮೆಲೇ ಪೂರ್ತಿ ರೇಸ್ ಕೊಡಿ. ಎಂಜಿನ್ ಸದ್ದು ಏರಿ, ಸ್ಪೀಡೋಮೀಟರ್ ಮುಳ್ಳು ಅಲ್ಲೇ ಕೂತರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದೆ ಎಂಜಿನ್ ಗೊಗ್ಗರಿಸಿದರೆ ಕಾಯಿಲೆ ಎಂಜಿನ್ನಿನದು. ಜಾರುತ್ತಿದ್ದರೆ ಮೊದಲು ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲು ಇದೆಯೇ ನೋಡಿ. ಕೇಬಲ್ ಬಿಗಿಯಾಗಿದ್ದರೆ ಪ್ಲೇಟ್ ಪೂರ್ತಿ ಕೂರುವುದಿಲ್ಲ. ಎರಡನೆಯದು ಎಣ್ಣೆ. ಬೈಕಿನ ಕ್ಲಚ್ ಪ್ಲೇಟ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಮನೆಯಲ್ಲಿ ಉಳಿದಿದೆ ಎಂದು ಕಾರಿನ ಎಣ್ಣೆ ಸುರಿದರೆ, ಅದರಲ್ಲಿನ ಜಾರಿಕೆಯ ರಾಸಾಯನಿಕಕ್ಕೆ ಪ್ಲೇಟ್ ಜಾರತೊಡಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂ.ಎ. ಅಥವಾ ಎಂ.ಎ.2 (ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು) ಎಂದು ಇರಬೇಕು. ಇವೆರಡೂ ಸರಿಯಿದ್ದು ಇನ್ನೂ ಜಾರಿದರೆ ಪ್ಲೇಟ್ ಸವೆದಿದೆ, ಅದು ಗ್ಯಾರೇಜಿನ ಕೆಲಸ.

ಕೆಲಸಕ್ಕೆ ಕೂರುವಾಗ

ಬೇಕಾದದ್ದು: ಪ್ಲಗ್ ಪಾನಾ, 8, 10, 12, 14ರ ಪಾನಾಗಳು, ತುದಿ ಸವೆಯದ ಸ್ಕ್ರೂಡ್ರೈವರ್, 0.05 ಮಿ.ಮೀ.ಯಿಂದ ಶುರುವಾಗುವ ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತೆಳು ತಗಡುಗಳು), ಸಾದಾ ಮಲ್ಟಿಮೀಟರ್, ಅಳತೆ ಗುರುತಿರುವ ಅರ್ಧ ಲೀಟರಿನ ಗಾಜಿನ ಬಾಟಲಿ, ಒಂದು ಮೀಟರ್ ಪೆಟ್ರೋಲ್ ಪೈಪ್, ಕಾರ್ಬರೇಟರ್ ಕ್ಲೀನರ್ ಸ್ಪ್ರೇ, ಹಳೆಯ ಹಲ್ಲುಜ್ಜುವ ಬ್ರಷ್, ಒಣ ಅರಿವೆ. ಕಾರ್ಬರೇಟರಿನ ಸ್ಕ್ರೂಗಳು ಮೆತ್ತಗಿನ ಹಿತ್ತಾಳೆಯವು, ಇಲ್ಲವೇ ವರ್ಷಗಟ್ಟಲೆ ಕಚ್ಚಿಕೊಂಡವು. ಅಳತೆಗೆ ಕೂರದ ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ತಲೆ ಉಡಿಯುತ್ತದೆ, ಆಮೇಲೆ ಡ್ರಿಲ್ಲೇ ಗತಿ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಈ ಕೆಲಸ ಬೇಡ. ಅಂಗಳದಲ್ಲಿ ಕೂತರೂ ತುಳಸಿಕಟ್ಟೆಯ ದೀಪ ಹಚ್ಚುವ ಹೊತ್ತಿಗೆ ಮುಗಿಸಿ, ಇಲ್ಲವೇ ಆಚೆ ಸರಿಯಿರಿ. ಪಕ್ಕದಲ್ಲಿ ಒಂದು ಬುಟ್ಟಿ ಮರಳು. ಎಂಜಿನ್ ಪೂರ್ತಿ ತಣ್ಣಗಾಗಿರಲಿ.

ಏರ್ ಫಿಲ್ಟರ್

ಜೋಳದ ರಾಶಿ, ಕಡಲೆ ರಾಶಿಯ ದಿನಗಳಲ್ಲಿ ಹೊಟ್ಟು ಗಾಳಿಗೆ ಹಾರುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತು ಓಡಾಡುವ ಗಾಡಿಗಳಿಗೆ ಅದರ ದೂಳು ಬೇರೆ. ಆದ್ದರಿಂದ ಮ್ಯಾನ್ಯುಯಲ್ ಹೇಳುವ ಕಿಲೋಮೀಟರಿಗೆ ಕಾಯದೆ ಅದರ ಅರ್ಧಕ್ಕೇ ಒಮ್ಮೆ ತೆಗೆದು ನೋಡುವುದು ಈ ಕಡೆಯ ವಾಡಿಕೆಯಾಗಬೇಕು. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಚುಕಿ (ತಿರುಚಬೇಡಿ, ಹರಿಯುತ್ತದೆ), ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಎಂಜಿನ್ ಎಣ್ಣೆ ಸವರಿ ಹಿಂಡಿ ಹಾಕಿ. ಕಾಗದದ ಫಿಲ್ಟರಿನಲ್ಲಿ ಎರಡು ಜಾತಿ. ಮುಟ್ಟಿದರೆ ಬೆರಳಿಗೆ ಜಿಗುಟು ಎಣ್ಣೆ ಹತ್ತಿದರೆ ಅದು ತೊಳೆಯುವ, ಗಾಳಿ ಹೊಡೆಯುವ ಮಾಲಲ್ಲ, ಕೊಳೆಯಾದರೆ ಹೊಸದೇ. ಒಣ ಕಾಗದವಾದರೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಬಹುದು.

ಫಿಲ್ಟರ್ ತೆಗೆದೇ ಒಂದು ಸುತ್ತು ಓಡಿಸಿ "ಆಹಾ, ಈಗ ಎಳೆಯಿತು" ಎಂದು ಹಾಗೆಯೇ ಬಿಡುವವರಿದ್ದಾರೆ. ಆ ದೂಳು ನೇರ ಪಿಸ್ಟನ್ ರಿಂಗಿಗೆ ಹೋಗುತ್ತದೆ. ಉಳಿದದ್ದು ನೂರಿನ್ನೂರು ರೂಪಾಯಿ, ಹೋಗುವುದು ಬೋರ್ (ಸಿಲಿಂಡರಿನ ಒಳಮೈ).

ಟಾಕಿಯಿಂದ ಕಾರ್ಬರೇಟರ್‌ವರೆಗೆ

ಟಾಕಿಯ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ಗಾಳಿದಾರಿ ಇರುತ್ತದೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು. ದೂಳು, ತುಕ್ಕು ಸೇರಿ ಅದು ಮುಚ್ಚಿದರೆ ಟಾಕಿಯೊಳಗೆ ನಿರ್ವಾತವಾಗಿ ಪೆಟ್ರೋಲ್ ನೇತುಬೀಳುತ್ತದೆ. ಗಾಡಿ ಎಂಟು-ಹತ್ತು ಕಿಲೋಮೀಟರ್ ಓಡಿ ಸಾಯುತ್ತದೆ, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಜೀವ. ಪರೀಕ್ಷೆ ಸುಲಭ: ಎಳೆತ ಬಿಟ್ಟ ಕ್ಷಣವೇ ಪಕ್ಕಕ್ಕೆ ನಿಲ್ಲಿಸಿ ಮುಚ್ಚಳ ತೆರೆಯಿರಿ. "ಸುಸ್" ಎಂದು ಗಾಳಿ ಒಳಗೆ ಎಳೆದರೆ ಕಳ್ಳ ಸಿಕ್ಕ. ಮುಚ್ಚಳವನ್ನು ಸಾಬೂನು ನೀರಿನಲ್ಲಿ ತೊಳೆದು, ಸಪೂರ ತಂತಿಯಿಂದ ಆ ದಾರಿ ಬಿಡಿಸಿ, ಬಾಯಿಂದಲ್ಲ, ಪಂಪಿನಿಂದ ಗಾಳಿ ಊದಿ ನೋಡಿ.

ಮುಂದಿನದು ಹರಿವಿನ ಅಳತೆ. ಇದನ್ನು ಬಿಟ್ಟು ಕಾರ್ಬರೇಟರಿಗೆ ಕೈ ಹಾಕಬೇಡಿ. ಕಾರ್ಬರೇಟರಿಗೆ ಹೋಗುವ ಪೈಪ್ ಕಳಚಿ, ತುದಿಯನ್ನು ಅಳತೆ ಬಾಟಲಿಗೆ ಬಿಟ್ಟು ಕಾಕ್ (ಟಾಕಿಯ ಕೆಳಗಿನ ಪೆಟ್ರೋಲಿನ ನಳ) ತಿರುವಿ. ಪೂರ್ತಿ ರೇಸಿನಲ್ಲಿ 100 ಸಿ.ಸಿ. ಎಂಜಿನ್ ನಿಮಿಷಕ್ಕೆ ಕುಡಿಯುವುದು 40-50 ಮಿ.ಲೀ. ಆಸುಪಾಸು. ನಿಮಿಷಕ್ಕೆ 100 ಮಿ.ಲೀ. ದಾಟಿ, ಮೂರು ನಿಮಿಷವೂ ಒಂದೇ ಸಮ ಬಂದರೆ ಟಾಕಿಯ ಕಡೆ ನಿಶ್ಚಿಂತೆ. ಜೋರಾಗಿ ಶುರುವಾಗಿ ಕ್ರಮೇಣ ನೂಲಾದರೆ ಮುಚ್ಚಳ ತೆರೆಯಿರಿ: ಹರಿವು ಮರಳಿದರೆ ಗಾಳಿದಾರಿ, ಮರಳದಿದ್ದರೆ ಕಾಕ್‌ನ ಮೇಲಿನ ಜಾಲರಿ. ಕೆಲವು ಗಾಡಿಗಳ ಕಾಕ್ ಎಂಜಿನ್ನಿನ ಎಳೆತದಿಂದ ತೆರೆಯುವಂಥದ್ದು, ಅದಕ್ಕೊಂದು ಎರಡನೇ ಸಣ್ಣ ಪೈಪ್ ಇರುತ್ತದೆ. ಅದರಲ್ಲಿ ಎಂಜಿನ್ ನಿಂತಾಗ ಹನಿಯೂ ಬಾರದಿರುವುದೇ ಸರಿ.

ಆನ್‌ನಲ್ಲಿ ಬರುವುದಿಲ್ಲ, ರಿಸರ್ವ್‌ನಲ್ಲಿ ಬರುತ್ತದೆ ಎಂದರೆ ಮೇಲಿನ ಕೊಳವೆ ಕಟ್ಟಿದೆ. ಇದು ತಿರುಗಾಮುರುಗಾ ಆಗಿ ರಿಸರ್ವ್‌ಗೆ ಹಾಕಿದಾಗಲೇ ಮಿಸ್ಸಿಂಗ್ ಶುರುವಾದರೆ ಟಾಕಿಯ ತಳದಲ್ಲಿ ನೀರು, ತುಕ್ಕು ಕೂತಿದೆ.

ನೀರಿನ ಮಾತಿಗೆ ಬಂದರೆ, ಈಗ ಪಂಪುಗಳಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಸ್ವಲ್ಪ ನೀರನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಮಾತ್ರ ನೀರು-ಎಥೆನಾಲ್ ಎರಡೂ ಕೂಡಿಕೊಂಡು ಪೆಟ್ರೋಲನ್ನು ಬಿಟ್ಟು ತಳಕ್ಕೆ ಇಳಿಯುತ್ತವೆ. ಹತ್ತು-ಹದಿನೈದು ದಿನ ನಿಲ್ಲುವ ಗಾಡಿಯಲ್ಲಿ ಅರ್ಧ ಖಾಲಿ ಟಾಕಿ ಇಟ್ಟರೆ ಈ ಕಾಟ ಹೆಚ್ಚು. ಹಳೆಯ ಗಾಡಿಗಳ ರಬ್ಬರ್ ಓ-ರಿಂಗ್, ಪೈಪುಗಳು ಎಥೆನಾಲಿಗೆ ಉಬ್ಬುವುದೂ ಉಂಟು.

ತಳದಲ್ಲಿ ಏನಿದೆ ಎಂದು ನೋಡಲು ಕಾರ್ಬರೇಟರ್ ಬಿಚ್ಚಬೇಕಿಲ್ಲ. ಅದರ ಬಟ್ಟಲಿನ ಕೆಳಗೆ ಒಂದು ಡ್ರೇನ್ ಸ್ಕ್ರೂ ಇದೆ. ಕಾಕ್ ಮುಚ್ಚಿ, ಕೆಳಗೆ ಬಿಳಿಯ ಪಿಂಗಾಣಿ ಕಪ್ ಹಿಡಿದು ಸಡಿಲಿಸಿ. ಕಪ್ಪನ್ನು ಬಿಸಿಲಿಗೆ ಒಯ್ದು ಮೆಲ್ಲಗೆ ಓಲಾಡಿಸಿ. ಬರೀ ಪೆಟ್ರೋಲ್ ಆದರೆ ತಳ ಸ್ವಚ್ಛ ಕಾಣುತ್ತದೆ. ನೀರಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ, ಪೆಟ್ರೋಲಿಗೆ ಅಂಟದೆ ಉರುಳುತ್ತದೆ, ಅಥವಾ ತಳದಲ್ಲಿ ಮಜ್ಜಿಗೆ ತಿಳಿಯಂತೆ ಮಬ್ಬು ಪದರ. ತುಕ್ಕಿದ್ದರೆ ಖಾರದ ಪುಡಿ ಉದುರಿದಂತೆ ಕೆಂಪು ಚೂರು, ಕಪ್ ಓರೆ ಮಾಡಿದಾಗ ಹಿಂದೆ ಹಿಂದೆ ಜಾರುತ್ತದೆ. ನೀರು ಕಂಡರೆ ಟಾಕಿಯನ್ನೂ ಬರಿದು ಮಾಡಲೇಬೇಕು. ಬರೀ ಬಟ್ಟಲು ಬರಿದು ಮಾಡಿದ ಗಾಡಿಯೇ "ನಾಲ್ಕು ದಿನ ಸರಿ, ಐದನೇ ದಿನ ಮೊದಲಿನಂತೆ" ಆಗುವುದು.

ಕಾರ್ಬರೇಟರ್ ಒಳಗೆ

ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ. ಸಾಮಾನು ಇಡಲು ಅಂಚಿರುವ ಸ್ಟೀಲ್ ತಾಟು, ಅದರಲ್ಲಿ ಬಿಳಿ ಅರಿವೆ.

ಮಿಕ್ಸ್ಚರ್ ಸ್ಕ್ರೂ (ಸ್ಲೋನಲ್ಲಿ ಪೆಟ್ರೋಲ್-ಗಾಳಿ ಹದ ಮಾಡುವ ಸ್ಕ್ರೂ) ತೆಗೆಯುವ ಮುನ್ನ ಅದನ್ನು ಮೆತ್ತಗೆ ಒಳಗೆ ತಿರುವುತ್ತ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ. ಬಿಗಿದರೆ ಅದರ ಸೂಜಿಮೊನೆ ಕೆಡುತ್ತದೆ. ಹೊರತೆಗೆಯುವಾಗ ಅದರ ಹಿಂದೆ ಸ್ಪ್ರಿಂಗ್, ಪುಟ್ಟ ವಾಷರ್, ಪುಟ್ಟ ಓ-ರಿಂಗ್ ಇರುತ್ತವೆ. ಈ ಓ-ರಿಂಗ್ ಒಳಗೇ ಅಂಟಿಕೊಂಡು ಉಳಿಯುತ್ತದೆ. ಕಾಣಲಿಲ್ಲವೆಂದು ಕ್ಲೀನರ್ ಹೊಡೆದರೆ ಹಾರಿಯೇ ಹೋಗುತ್ತದೆ.

ಬಟ್ಟಲು ತೆಗೆದರೆ ನಡುವೆ ಎರಡು ಹಿತ್ತಾಳೆ ಜೆಟ್. ದೊಡ್ಡದು ಮೇನ್, ಆಳದಲ್ಲಿ ಕೂತ ತೆಳ್ಳನೆಯದು ಪೈಲಟ್. ಪೈಲಟ್ ಜೆಟ್ ತೆಗೆದು ಕಣ್ಣಿನ ಹತ್ತಿರ ಹಿಡಿದು ಆಕಾಶ ನೋಡಿ. ಕೂದಲೆಳೆಯಷ್ಟು ಸಪೂರ ತೂತಿನಲ್ಲಿ ಬೆಳಕು ದುಂಡಗೆ ಚುಕ್ಕಿಯಾಗಿ ಕಾಣಬೇಕು. ಅರೆಚಂದ್ರನಂತೆ ಕಂಡರೆ ಅಂಚಿಗೆ ಮೇಣ ಕಟ್ಟಿದೆ, ಕಾಣದಿದ್ದರೆ ಪೂರ್ತಿ ಕಟ್ಟಿದೆ. ಗುಂಡುಸೂಜಿ, ಸೇಫ್ಟಿ ಪಿನ್, ತಾಮ್ರದ ತಂತಿ ತೂರಿಸುವುದು ಎಲ್ಲರೂ ಮಾಡುವ ತಪ್ಪು. ಹಿತ್ತಾಳೆ ಮೆದು, ತೂತು ಒಂದೆಳೆ ದೊಡ್ಡದಾದರೂ ಅವರೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅದನ್ನು ಮತ್ತೆ ಸಣ್ಣದು ಮಾಡಲು ಬರುವುದಿಲ್ಲ. ಕ್ಲೀನರಿನಲ್ಲಿ ಅರ್ಧ ಗಂಟೆ ನೆನೆಸಿ, ಬ್ರಷ್ಷಿನ ಒಂದೇ ನೈಲಾನ್ ಎಳೆ ಕಿತ್ತು ತೂರಿಸಿ, ಆಮೇಲೆ ಗಾಳಿ.

ಜೆಟ್ಟಿಗಿಂತ ದೇಹದೊಳಗಿನ ದಾರಿಗಳು ಹೆಚ್ಚು ಮೋಸ ಮಾಡುತ್ತವೆ. ಒಂದು ತೂತಿಗೆ ಸ್ಪ್ರೇ ಮಾಡಿದರೆ ಇನ್ನೊಂದು ತೂತಿನಿಂದ ಚಿಮ್ಮಬೇಕು, ಮತ್ತು ಅದು ಸೀದಾ ಕಣ್ಣಿಗೇ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ. ಚಿಮ್ಮದ ದಾರಿಯೇ ಕಾಯಿಲೆಯ ದಾರಿ.

ಬಟ್ಟಲಿನಲ್ಲಿ ತೇಲುವ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಒಡೆದಿದೆ, ಬಟ್ಟಲು ತುಂಬಿ ತುಳುಕುತ್ತದೆ. ಅದರ ಸೂಜಿಯ ರಬ್ಬರ್ ಮೊನೆಯ ಸುತ್ತ ಉಗುರಿಗೆ ಸಿಗುವ ಬಳೆ ಮೂಡಿದ್ದರೆ ಸೂಜಿ ಬದಲಿಸಿ. ರೇಸಿಗೆ ಏರಿಳಿಯುವ ಮೇಲಿನ ಸ್ಲೈಡಿನ ಸೂಜಿಗೆ ಸಾಮಾನ್ಯವಾಗಿ ಐದಾರು ಕಚ್ಚು ಇರುತ್ತವೆ, ಕ್ಲಿಪ್ ಇದ್ದ ಕಚ್ಚಿನಲ್ಲೇ ಮತ್ತೆ ಕೂರಲಿ. ಸ್ಲೈಡಿನ ಕೊರೆದ ಭಾಗ ಏರ್ ಫಿಲ್ಟರ್ ಕಡೆ. ಕೆಲವು 125ರ ಗಾಡಿಗಳಲ್ಲಿ ಸ್ಲೈಡಿನ ಬದಲು ರಬ್ಬರ್ ಡಯಾಫ್ರಾಮ್. ಅದಕ್ಕೆ ಕ್ಲೀನರ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ. ಬೆಳಕಿಗೆ ಹಿಡಿದು ಹಿಗ್ಗಿಸಿ ನೋಡಿ. ಕೂದಲೆಳೆಯ ಬಿರುಕಿದ್ದರೂ ಸ್ಲೋ ಸರಿ, ಏರು ಮಾತ್ರ ಹತ್ತದು.

ಕೂರಿಸುವಾಗ ಎಂಜಿನ್ ಮತ್ತು ಕಾರ್ಬರೇಟರ್ ನಡುವಿನ ಓ-ರಿಂಗ್ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಅಲ್ಲಿಂದ ನುಸುಳುವ ಕಳ್ಳ ಗಾಳಿಗೆ ಏರ್ ಫಿಲ್ಟರ್ ಗೊತ್ತಿಲ್ಲ, ಜೆಟ್ಟೂ ಗೊತ್ತಿಲ್ಲ. ಕೂರಿಸಿದ ಮೇಲೆ ಸ್ಲೋನಲ್ಲಿ ಬಿಟ್ಟು ಆ ಜೋಡಣೆಯ ಸುತ್ತ ನೀರು ಸಿಂಪಡಿಸಿ. ಸದ್ದು ಒಂದು ಕ್ಷಣ ಬದಲಾದರೆ ಅಲ್ಲಿ ಸೋರಿಕೆ ಇದೆ. ಇದಕ್ಕೆ ಪೆಟ್ರೋಲ್, ಕ್ಲೀನರ್ ಬಳಸುವ ವಿಡಿಯೊಗಳಿವೆ. ಬಿಸಿ ಸೈಲೆನ್ಸರ್ ಒಂದು ಗೇಣು ದೂರದಲ್ಲಿದೆ ಎಂಬುದು ನೆನಪಿರಲಿ.

ಎಂಜಿನ್ ಐದು ನಿಮಿಷ ಕಾಯಲಿ. ಮಿಕ್ಸ್ಚರ್ ಸ್ಕ್ರೂ ಮೊದಲು ಎಣಿಸಿದಷ್ಟಕ್ಕೇ ಇಡಿ. ಲೆಕ್ಕ ತಪ್ಪಿದ್ದರೆ ತಳದಿಂದ ಒಂದೂವರೆಯಿಂದ ಎರಡು ಸುತ್ತು ಹೊರಗೆ. ಅಲ್ಲಿಂದ ಕಾಲು ಸುತ್ತಿನಂತೆ ಆಚೆ ಈಚೆ ತಿರುವಿ, ಪ್ರತಿ ಸಲ ಹತ್ತು ಸೆಕೆಂಡ್ ಕಾದು, ಸದ್ದು ಅತಿ ಹೆಚ್ಚು ಏರುವ ಜಾಗ ಹಿಡಿಯಿರಿ. ಆಮೇಲೆ ಸ್ಲೋ ಸ್ಕ್ರೂ ಇಳಿಸಿ 1,400 ಆರ್.ಪಿ.ಎಂ. ಸುತ್ತಮುತ್ತ ನಿಲ್ಲಿಸಿ. ಸ್ಕ್ರೂ ಎಂಜಿನ್ನಿನ ಬದಿಗಿದ್ದರೆ ಹೊರಗೆ ತಿರುವಿದಷ್ಟು ಪೆಟ್ರೋಲ್ ಹೆಚ್ಚು. ಫಿಲ್ಟರಿನ ಬದಿಗಿದ್ದರೆ ಹೊರಗೆ ತಿರುವಿದಷ್ಟು ಗಾಳಿ ಹೆಚ್ಚು. ಇದನ್ನು ಅದಲುಬದಲು ಮಾಡಿಕೊಂಡು ತಾಸುಗಟ್ಟಲೆ ಒದ್ದಾಡುವವರು ಕಡಿಮೆಯಿಲ್ಲ.

ಕಿಡಿ

ಪ್ಲಗ್ಗಿನ ಮೊನೆ ಚಹಾದ ಕಂದು ಬಣ್ಣದ್ದಾದರೆ ಒಳಗೆಲ್ಲ ಕ್ಷೇಮ. ಒಣ ಕಾಡಿಗೆಯಂತೆ ಕಪ್ಪಾದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಅರ್ಧ ತೆರೆದ ಚೋಕನ್ನೂ ನೋಡಿ. ಎಣ್ಣೆ ಜಿಡ್ಡಿನ ಕಪ್ಪಾದರೆ ರಿಂಗ್ ಅಥವಾ ವಾಲ್ವ್ ಸೀಲ್. ಸುಣ್ಣದಂತೆ ಬಿಳಿಚಿದರೆ ಪೆಟ್ರೋಲ್ ಕಡಿಮೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಹಳೆಯ ಕಾರ್ಬರೇಟರ್ ಗಾಡಿ ಕೊಂಚ ಬಿಳಿಯ ಕಡೆಗೇ ವಾಲುತ್ತದೆ. ಬಣ್ಣ ಓದುವುದು ಸ್ಲೋನಲ್ಲಿ ಬಿಟ್ಟ ಗಾಡಿಯಲ್ಲಲ್ಲ. ಏರಿನಲ್ಲಿ ಜೋರಾಗಿ ಎಳೆಸಿ, ಅಲ್ಲೇ ಎಂಜಿನ್ ಬಂದ್ ಮಾಡಿ, ತಣಿದ ಮೇಲೆ ತೆಗೆದ ಪ್ಲಗ್ಗಿನಲ್ಲಿ.

ಅಂತರ ಮ್ಯಾನ್ಯುಯಲ್‌ನಲ್ಲಿ ಇದ್ದಂತೆ, ಹೆಚ್ಚಿನ ಗಾಡಿಗಳಿಗೆ 0.7ರಿಂದ 0.9 ಮಿ.ಮೀ. ಒಳಗೆ. ಕೂರಿಸುವಾಗ ಬರಿಗೈಯಲ್ಲಿ ಪೂರ್ತಿ ತಿರುವಿ, ಹೊಸ ಪ್ಲಗ್ಗಿಗೆ ಪಾನಾದಿಂದ ಅರ್ಧ ಸುತ್ತು, ಹಳೆಯದಕ್ಕೆ ಅದರ ಕಾಲು ಭಾಗವೂ ಬೇಡ. ಹೆಡ್ಡಿನ ಅಲ್ಯೂಮಿನಿಯಂ ಮರೆ (ಪ್ಲಗ್ ಕಚ್ಚುವ ತಿರುಪು) ಕಿತ್ತರೆ ಪ್ಲಗ್ಗಿನ ಹತ್ತು ಪಟ್ಟು ಖರ್ಚು.

ಕಿಡಿ ನೋಡುವಾಗ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ಇದ್ದ ತೂತಿನಿಂದ ದೂರ, ಏಕೆಂದರೆ ಅಲ್ಲಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ. ನೀಲಿ, ಚಟ್ ಎನ್ನುವ ಕಿಡಿ ಬೇಕು; ಹಳದಿ ನೂಲು ಸಾಲದು. ಕ್ಯಾಪನ್ನು ವೈರಿನಿಂದ ತಿರುವಿ ಕಳಚಿ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ 5 ಕಿಲೋ ಓಮ್ ಸುತ್ತ ತೋರಬೇಕು. ವೈರಿನ ತುದಿ ಹಸಿರುಗಟ್ಟಿದ್ದರೆ, ಉದ್ದ ಇದ್ದರೆ, 5 ಮಿ.ಮೀ. ಕತ್ತರಿಸಿ ಮತ್ತೆ ತಿರುವಿ. ಮಳೆಯ ದಿನದ ಮಿಸ್ಸಿಂಗ್ ಆದರೆ ರಾತ್ರಿ ದೀಪ ಆರಿಸಿ, ಓಡುವ ಎಂಜಿನ್ನಿನ ವೈರಿಗೆ ನೀರು ಸಿಂಪಡಿಸಿ ದೂರದಿಂದ ನೋಡಿ: ಸೋರುವಲ್ಲಿ ನೀಲಿ ಮಿಣುಕು ಹುಳುವಿನಂತೆ ಹರಿದಾಡುತ್ತದೆ. ಮುಟ್ಟಬೇಡಿ.

ಕಾದಾಗ ಸಾಯುವ ಕಾಯಿಲ್ ಮನೆಯಲ್ಲಿ ಯಾವತ್ತೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಮನೆಯೋ ಗ್ಯಾರೇಜೋ ಮುಟ್ಟುವಷ್ಟರಲ್ಲಿ ಅದು ತಣಿದು ಸಾಧುವಾಗಿರುತ್ತದೆ. ಒಂದು ಒಳ್ಳೆಯ ಪ್ಲಗ್, ಪ್ಲಗ್ ಪಾನಾ ಸೈಡ್ ಬಾಕ್ಸಿನಲ್ಲಿ ಇರಲಿ. ಗದಗ ರಸ್ತೆಯಲ್ಲೋ ಹಾವೇರಿ ಹೈವೇಯಲ್ಲೋ ಗಾಡಿ ನಿಂತ ಕೂಡಲೇ, ಒಂದೆರಡು ನಿಮಿಷದೊಳಗೆ, ಆ ಇನ್ನೊಂದು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಕೀಲಿ ಬಂದ್ ಮಾಡಿ ಕಾಯಿಲಿನ ಮೇಲೆ ಒದ್ದೆ ಅರಿವೆ ಸುತ್ತಿ ಐದು ನಿಮಿಷ ಬಿಡಿ. ಕಿಡಿ ಮರಳಿದರೆ ಕಾಯಿಲ್ ಮೇಲೆ ಬಲವಾದ ಅನುಮಾನ. ಮರಳದಿದ್ದರೆ ಪಲ್ಸರ್ ಕಾಯಿಲ್ (ಕಿಡಿಯ ಹೊತ್ತು ತಿಳಿಸುವ ಸುರುಳಿ), ಸಿ.ಡಿ.ಐ. (ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಕೀಲಿಯ ವೈರು. ಕಿಡಿ ಚೆನ್ನಾಗಿದ್ದರೆ ಮತ್ತೆ ಪೆಟ್ರೋಲಿನ ಕಡೆಗೇ ಹೋಗಿ.

ಟ್ಯಾಪೆಟ್

ಸದ್ದು ಮಾಡುವ ಟ್ಯಾಪೆಟ್ಟಿಗೆ ಎಲ್ಲರೂ ಬೈಯುತ್ತಾರೆ. ಆದರೆ ಎಳೆತ ತಿನ್ನುವುದು ಸದ್ದಿಲ್ಲದ್ದು. "ಸದ್ದು ಬರಬಾರದು" ಎಂದು ಹೇಳಿ ಬಿಗಿ ಮಾಡಿಸಿಕೊಂಡ ಗಾಡಿಯಲ್ಲಿ, ಎಂಜಿನ್ ಕಾದು ವಾಲ್ವ್ ಉದ್ದವಾದಾಗ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಒತ್ತಡ ಸೋರುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಬೆಳಿಗ್ಗೆ ನೋಡಿ. ಪ್ಲಗ್ ತೆಗೆದು, ಹೆಡ್ಡಿನ ಟ್ಯಾಪೆಟ್ ಮುಚ್ಚಳಗಳನ್ನೂ ಮ್ಯಾಗ್ನೆಟ್ ಬದಿಯ ಎರಡು ಮುಚ್ಚಳಗಳನ್ನೂ ತೆರೆದು, ನಡುವಿನ ನಟ್ಟನ್ನು ಎಂಜಿನ್ ತಿರುಗುವ ದಿಕ್ಕಿಗೆ ತಿರುವಿ ಟಿ ಗುರುತನ್ನು ಕಿಂಡಿಯ ಗೆರೆಗೆ ತನ್ನಿ. ಹತ್ತಿರವೇ ಎಫ್ ಗುರುತೂ ಇದೆ, ಅದಲ್ಲ. ಈಗ ಎರಡೂ ರಾಕರ್ (ವಾಲ್ವ್ ಒತ್ತುವ ತೋಳು) ಬೆರಳಿಗೆ ಕೊಂಚ ಅಲುಗಬೇಕು. ಅಲುಗದಿದ್ದರೆ ಇನ್ನೊಂದು ಪೂರ್ತಿ ಸುತ್ತು. ಮ್ಯಾನ್ಯುಯಲ್ ಅಳತೆಯ ಫೀಲರ್ (ಈ ವರ್ಗದ ಗಾಡಿಗಳಲ್ಲಿ ಹೆಚ್ಚಾಗಿ 0.05ರಿಂದ 0.10 ಮಿ.ಮೀ. ನಡುವೆ) ರಾಕರ್ ಮತ್ತು ವಾಲ್ವ್ ನಡುವಿನ ಸಂದಿಗೆ ತೂರಿಸಿ, ಪುಸ್ತಕದ ನಡುವಿನಿಂದ ಹಾಳೆ ಎಳೆದಷ್ಟು ಹಿಡಿತ ಸಿಗಬೇಕು. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಅಳತೆ ಕೆಡುತ್ತದೆ, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ.

ಒತ್ತಡ ಮತ್ತು ಸೈಲೆನ್ಸರ್

ಇಷ್ಟಾದರೂ ಬಾರದಿದ್ದರೆ ಕಂಪ್ರೆಷನ್ ಗೇಜ್ ಬಾಡಿಗೆಗೋ ಕಡಕ್ಕೋ ತನ್ನಿ. ಎಂಜಿನ್ ಬೆಚ್ಚಗಿರಲಿ, ರೇಸ್ ಪೂರ್ತಿ ತೆರೆದಿರಲಿ, ಪ್ಲಗ್ ಕ್ಯಾಪಿನಲ್ಲಿ ಒಂದು ಪ್ಲಗ್ ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿರಿ, ಇಲ್ಲದಿದ್ದರೆ ಸಿ.ಡಿ.ಐ.ಗೆ ಪೆಟ್ಟು. ಆರೇಳು ಕಿಕ್. ಮ್ಯಾನ್ಯುಯಲ್ ಅಂಕಿಗಿಂತ ತೀರ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ, 5 ಮಿ.ಲೀ. ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್-ಬೋರ್, ಏರದಿದ್ದರೆ ವಾಲ್ವ್.

ಸೈಲೆನ್ಸರ್ ಯಾರಿಗೂ ಹೊಳೆಯುವುದಿಲ್ಲ. ಬೇಸಿಗೆಯಲ್ಲಿ ಎರಡು ತಿಂಗಳು ನಿಂತ ಗಾಡಿಯ ಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟುವ ಹುಳು ಮನೆ ಮಾಡಿರುತ್ತದೆ. ಎಣ್ಣೆ ಕುಡಿಯುವ ಗಾಡಿಯಲ್ಲಿ ಇದ್ದಿಲು ಕಟ್ಟಿರುತ್ತದೆ. ಹೆಡ್ಡಿನ ಬಳಿಯ ಎರಡು ನಟ್ ತಣ್ಣಗಿದ್ದಾಗ ಸಡಿಲಿಸಿ, ಒಂದೇ ನಿಮಿಷ ಓಡಿಸಿ. ಕಿವಿ ಒಡೆಯುವ ಸದ್ದಿನ ಜೊತೆ ಎಳೆತವೂ ಬಂದರೆ ಸೈಲೆನ್ಸರ್ ಕಟ್ಟಿದೆ. ಮತ್ತೆ ಬಿಗಿಯುವಾಗ ಹೊಸ ಗ್ಯಾಸ್ಕೆಟ್.

ಇಂಜೆಕ್ಷನ್ ಗಾಡಿಯಾದರೆ

ಇದರಲ್ಲಿ ತಿರುವಲು ಸ್ಕ್ರೂ ಇಲ್ಲ. ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್, ಕ್ಲಚ್, ಬ್ರೇಕು ಮೇಲಿನಂತೆಯೇ. ಹೆಚ್ಚಿನದು ಬ್ಯಾಟರಿ: ರಾತ್ರಿ ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಮೇಲೆ, ರೇಸ್ ಕೊಟ್ಟಾಗ 13.5ರಿಂದ 14.5 ಒಳಗೆ ಇರಬೇಕು. ಬ್ಯಾಟರಿ ಸೋತರೆ ಪೆಟ್ರೋಲ್ ಪಂಪ್, ಇಂಜೆಕ್ಟರ್, ಕಿಡಿ ಮೂರೂ ಸೋಲುತ್ತವೆ. ಕೀಲಿ ತಿರುವಿದಾಗ ಟಾಕಿಯೊಳಗೆ ಎರಡು ಸೆಕೆಂಡ್ "ಜುಂಯ್" ಎಂದರೆ ಪಂಪಿಗೆ ಜೀವ ಇದೆ. ಮೀಟರಿನ ಎಂಜಿನ್ ದೀಪ ಆರದೆ ಮಿಣುಕುತ್ತಿದ್ದರೆ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಕೆಲವು ಗಾಡಿಗಳಲ್ಲಿ ಉದ್ದ ಮಿಣುಕು, ಗಿಡ್ಡ ಮಿಣುಕಿನ ಲೆಕ್ಕದಲ್ಲಿ ದೋಷದ ಸಂಖ್ಯೆ ಅಡಗಿರುತ್ತದೆ. ಪಂಪಿನ ಪೈಪಿನಲ್ಲಿ ಒತ್ತಡ ನಿಂತಿರುವುದರಿಂದ ಅದನ್ನು ಮನೆಯಲ್ಲಿ ಕಳಚಬೇಡಿ.

ಗ್ಯಾರೇಜಿಗೆ ಒಯ್ಯುವಾಗ

ಪ್ರತಿ ಬದಲಾವಣೆಯ ನಂತರ ಅದೇ ಏರು, ಅದೇ ಗೇರು, ಹಿಂದೆ ಅದೇ ಭಾರ ಇಟ್ಟು ಓಡಿಸಿ. ಗದಗಿನವರಿಗೆ ಕಪ್ಪತಗುಡ್ಡದ ದಾರಿ ಇದೆ. ಏರಿನ ಬುಡದಲ್ಲಿ 40 ಇದ್ದ ಮುಳ್ಳು ತುದಿಯಲ್ಲಿ ಎಷ್ಟಕ್ಕೆ ನಿಂತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಸ್ವಲ್ಪ ಸುಧಾರಿಸಿದಂಗ ಆಗೈತಿ" ಎಂಬ ಮಾತಿಗಿಂತ 28 ಇದ್ದದ್ದು 36 ಆಯಿತು ಎಂಬ ಅಂಕಿ ಮಿಸ್ತ್ರಿಗೆ ಬೇಕಾದದ್ದು.

ವಾಲ್ವ್, ರಿಂಗ್, ಕ್ಲಚ್ ಪ್ಲೇಟ್‌ನ ಕೆಲಸ ಅವರದೇ. ಹೋಗುವಾಗ ಆ ಪುಟ ಹರಿದು ಕೈಗೆ ಕೊಡಿ: ಹರಿವು ನಿಮಿಷಕ್ಕೆ ಎಷ್ಟು, ಪ್ಲಗ್ ಬಣ್ಣ, ಟ್ಯಾಪೆಟ್ ಅಳತೆ, ಎಣ್ಣೆ ಬಿಡುವ ಮುಂಚೆ ಮತ್ತು ನಂತರದ ಕಂಪ್ರೆಷನ್. ಅಷ್ಟು ನೋಡಿದವರು ಮತ್ತೆ ಕಾರ್ಬರೇಟರ್ ತೊಳೆಯಲು ಕೂರುವುದಿಲ್ಲ. ಬದಲಿಸಿದ ಹಳೆಯ ಸಾಮಾನನ್ನು ಮಾತ್ರ ಕೇಳಿ ಇಸಿದುಕೊಂಡು ಬನ್ನಿ. ಕಾಯಿಲೆ ಅದರಲ್ಲಿ ಇರಲಿಲ್ಲ ಎಂದಾದರೆ ಅದೇ ನಿಮ್ಮ ಸ್ಪೇರ್.